ನಾಯಕ ತಪ್ಪು ಮಾಡಿದನೋ, ಕಥೆ ಬರೆದವರು ತಪ್ಪು ಮಾಡಿದರೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮಂಡ್ಯದ ಹುಡುಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ. ನಾನು, ನನ್ನ ರೂಮ್‌ಮೇಟ್ ಸೇರಿ ನಲವತ್ತು ನಿಮಿಷದ ಆಕ್ಷನ್ ಗೇಮ್ ಡೆಮೊ ಮಾಡಿದ್ದೇವೆ. ಕಥೆ ನನ್ನದು, ಕೋಡಿಂಗ್ ಅವನದು. ನಾಯಕ ಸಿದ್ದ, ನೀರುಗಂಟಿಯ ಮಗ. ಮರಳು ದಂಧೆಯ ಬೋರಣ್ಣ ಅವನ ಅಪ್ಪನನ್ನು ಕೊಲ್ಲಿಸುತ್ತಾನೆ. ಸಿದ್ದ ಒಂದೇ ರಾತ್ರಿಯಲ್ಲಿ ನಾಲೆಯುದ್ದಕ್ಕೂ ಅವನ ಕಡೆಯವರನ್ನು ಮುಗಿಸುತ್ತಾ ಹೋಗುತ್ತಾನೆ. ಕೊನೆಗೆ ಬೋರಣ್ಣ ಕೈಗೆ ಸಿಕ್ಕಾಗ ಸಾಯಿಸದೆ ಬಿಡುತ್ತಾನೆ. ಆಡಿದ ಕ್ಲಾಸ್‌ಮೇಟ್ಸ್ ಎಲ್ಲ "ಲಾಜಿಕ್ ಇಲ್ಲ ಗುರು" ಅಂದರು. ರೂಮ್‌ಮೇಟ್ ಕೂಡ ಕೊನೆ ಬದಲಿಸು ಅಂತಾನೆ. ನಾನು ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಗೇಮ್‌ನ ಉದಾಹರಣೆ ಕೊಟ್ಟೆ. ಅದಕ್ಕೆ ಅವನು, "ಅದರಲ್ಲೂ ಲಾಜಿಕ್ ಇಲ್ಲ, ಅದಕ್ಕೇ ಫ್ಲಾಪ್. ಜೋಯಲ್ ಅಂಥವನು ಗುರುತಿಲ್ಲದವರಿಗೆ ಹೆಸರು ಹೇಳ್ತಾನಾ? ಆ ವ್ಯಾಕ್ಸೀನ್ ಕಥೆನೇ ಬುರುಡೆ" ಅಂದ. ಜಗಳ ಜೋರಾಯಿತು, ಹತ್ತು ದಿನದಿಂದ ಮಾತಿಲ್ಲ. ಕೊನೆ ಬದಲಿಸಬೇಕಾ? ಡೆಮೊ ಕಳಿಸಿದ್ದೇನೆ, ದಯವಿಟ್ಟು ಆಡಿ ನೋಡಿ.

ಉತ್ತರ: ನಿಮ್ಮ ಡೆಮೊ ಎರಡು ಸಲ ಆಡಿದೆ. ಮೊದಲ ಸಲ ಎಲ್ಲರ ಹಾಗೆ, ಎರಡನೇ ಸಲ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು. ಉತ್ತರ ಉದ್ದವಾಗುತ್ತದೆ, ಯಾಕೆಂದರೆ ಹೇಳುವುದು ಜಾಸ್ತಿ ಇದೆ. ದಿ ಲಾಸ್ಟ್ ಆಫ್ ಅಸ್‌ನ ಎರಡೂ ಭಾಗಗಳ ಕೊನೆ ಇಲ್ಲಿ ಬರುತ್ತದೆ. ಇನ್ನೂ ಆಡದವರು ಆಡಿ ಬಂದು ಓದಿ.

ನಿಮ್ಮ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಪಾತ್ರ ತಪ್ಪು ನಿರ್ಧಾರ ತೆಗೆದುಕೊಂಡರೆ ಅದು ಕಥೆಯ ತಪ್ಪಾ? ಇದು ಒಂದು. ಅಷ್ಟು ಜನರನ್ನು ಹೊಡೆದು ಬಂದವನು ಒಬ್ಬನನ್ನು ಬಿಟ್ಟರೆ ಆಡುವವರಿಗೆ ಯಾಕೆ ಗಂಟಲಲ್ಲಿ ಇಳಿಯುವುದಿಲ್ಲ? ಇದು ಇನ್ನೊಂದು. ಹದಿಮೂರು ವರ್ಷದಿಂದ ಗೇಮ್‌ಗಳಿಗೆ ಕಥೆ, ಸಂಭಾಷಣೆ ಬರೆಯುವುದೇ ನನ್ನ ಕೆಲಸ. ಈ ಎರಡನ್ನೂ ಒಂದೇ ಅಂದುಕೊಂಡು ಕಿತ್ತಾಡಿದ ಟೀಮ್‌ಗಳನ್ನು ತುಂಬಾ ನೋಡಿದ್ದೇನೆ. ಮೊದಲನೆಯದರಲ್ಲಿ ನೀವು ಸರಿ. ಎರಡನೆಯದರಲ್ಲಿ ನಿಮ್ಮ ರೂಮ್‌ಮೇಟ್ ಸರಿ.

ಮೊದಲನೆಯದನ್ನು ನೋಡೋಣ. ನಿಮ್ಮ ಕಡೆ ಹಬ್ಬಕ್ಕೆ ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರಲ್ವಾ, ಅದನ್ನು ನೆನಪಿಸಿಕೊಳ್ಳಿ. ಕರ್ಣ ಕವಚ ಕುಂಡಲ ಕೊಟ್ಟುಬಿಡುತ್ತಾನೆ. ಬ್ರಾಹ್ಮಣನ ವೇಷದಲ್ಲಿ ಬಂದವನು ಇಂದ್ರ ಅಂತ ಅವನಿಗೆ ಗೊತ್ತು. ಕೊಟ್ಟರೆ ಯುದ್ಧದಲ್ಲಿ ಉಳಿಯುವುದು ಕಷ್ಟ ಅಂತಲೂ ಗೊತ್ತು. ಲೆಕ್ಕ ಹಾಕಿದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಆದರೂ ಬೆಳಗಿನ ಜಾವ ಮೂರು ಗಂಟೆಗೆ ಕಂಬಳಿ ಹೊದ್ದು ಚಾಪೆ ಮೇಲೆ ಕೂತವರಲ್ಲಿ ಒಬ್ಬರೂ ಎದ್ದು "ಲಾಜಿಕ್ ಇಲ್ಲ" ಅನ್ನುವುದಿಲ್ಲ, ಕಣ್ಣೊರೆಸಿಕೊಳ್ಳುತ್ತಾರೆ. ಕೇಳಿದವರಿಗೆ ಇಲ್ಲ ಅನ್ನದವನು ಅಂತ ಅವನನ್ನು ಮೊದಲೇ ತೋರಿಸಿ ಆಗಿದೆ. ಅವನು ಕೊಡದೇ ಇದ್ದಿದ್ದರೆ ಆಗ ಎದ್ದು ಕೇಳುತ್ತಿದ್ದರು.

ಹಾಗಾಗಿ ಯಾವುದೇ ಕಥೆಯಲ್ಲಿ ಒಂದು ನಿರ್ಧಾರ ಇಷ್ಟವಾಗದಿದ್ದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು, ಯೋಚನೆ ಮಾಡಲು ಎಷ್ಟು ಸಮಯ ಇತ್ತು, ಅವನ ಮನಸ್ಸಿನಲ್ಲಿ ಏನು ಕೂತಿದೆ ಅಂತ ನಮಗೆ ಮೊದಲೇ ತೋರಿಸಿದ್ದರಾ. ಇವಕ್ಕೆ ಉತ್ತರ ಇದ್ದರೆ ತಪ್ಪು ಪಾತ್ರದ್ದು, ಮತ್ತು ಪಾತ್ರಕ್ಕೆ ತಪ್ಪು ಮಾಡುವ ಹಕ್ಕಿದೆ. ಉತ್ತರ ಇಲ್ಲದಿದ್ದರೆ ತಪ್ಪು ನಮ್ಮಂಥ ಬರೆಯುವವರದು.

ಈಗ ದಿ ಲಾಸ್ಟ್ ಆಫ್ ಅಸ್‌ನ ನಾಯಕ ಜೋಯಲ್. ಮೊದಲ ಆಟ ಬಂದದ್ದು 2013ರಲ್ಲಿ, ಫಂಗಸ್ ಸೋಂಕಿನಿಂದ ಲೋಕವೇ ಕುಸಿದುಹೋಗುವ ಕಥೆ. ಶುರುವಿನಲ್ಲೇ ಅವನ ಮಗಳು ಸಾರಾ ಅವನ ಹುಟ್ಟುಹಬ್ಬಕ್ಕೆ ಒಂದು ಕೈಗಡಿಯಾರ ಕೊಡುತ್ತಾಳೆ. ಅದೇ ರಾತ್ರಿ ಒಬ್ಬ ಸೈನಿಕನ ಗುಂಡಿಗೆ ಅವಳು ಅಪ್ಪನ ತೋಳಿನಲ್ಲೇ ಸಾಯುತ್ತಾಳೆ. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ ಅದೇ ಗಡಿಯಾರ ಅವನ ಕೈಯಲ್ಲಿದೆ. ಗಾಜು ಒಡೆದಿದೆ, ನಿಂತುಹೋಗಿದೆ. ಅವನು ಆಸ್ಪತ್ರೆಗೆ ತಲುಪಿಸಲು ಕರೆದೊಯ್ಯುವ, ಸೋಂಕು ಹತ್ತದ ಹದಿನಾಲ್ಕು ವರ್ಷದ ಹುಡುಗಿ ಎಲೀ "ನಿನ್ನ ವಾಚ್ ಕೆಟ್ಟಿದೆ" ಅಂತ ಹೇಳುತ್ತಾಳೆ, ಅವನು ಆ ಮಾತು ಬೆಳೆಸುವುದಿಲ್ಲ. ಅಷ್ಟೇ ದೃಶ್ಯ. ಕೊನೆಗೆ ಆಸ್ಪತ್ರೆಯಲ್ಲಿ, ಈ ಹುಡುಗಿಯ ಮಿದುಳಿನಿಂದ ಫಂಗಸ್ ತೆಗೆದರೆ ಲಸಿಕೆ ಮಾಡಬಹುದು, ಆದರೆ ಅವಳು ಬದುಕುವುದಿಲ್ಲ ಅಂತ ಫೈರ್‌ಫ್ಲೈಸ್ ಎಂಬ ಬಂಡಾಯ ಗುಂಪಿನ ನಾಯಕಿ ಮಾರ್ಲೀನ್ ಹೇಳಿದಾಗ, ಜೋಯಲ್ ಏನು ಮಾಡುತ್ತಾನೆ ಅಂತ ಆ ಗಡಿಯಾರ ಆಗಲೇ ಹೇಳಿಬಿಟ್ಟಿದೆ. ಲೋಕ ಉಳಿಯಲಿ ಅಂತ ಎರಡನೇ ಮಗಳನ್ನು ಕೊಡುವ ಮನುಷ್ಯ ಅವನಲ್ಲ. ಅಡ್ಡ ಬಂದವರನ್ನು ಕೊಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವನು ಮಾಡಿದ್ದು ಸರಿನಾ? ಸರಿಯಿಲ್ಲ ಅಂತಲೇ ನನ್ನ ಅಭಿಪ್ರಾಯ. ಅವರೇ ಲಸಿಕೆಯ ಪ್ರಯತ್ನ ಕೈಬಿಟ್ಟರು ಅಂತ ಆಮೇಲೆ ಎಲೀಗೆ ಹೇಳಿದ ಸುಳ್ಳಂತೂ ಇನ್ನೂ ದೊಡ್ಡ ತಪ್ಪು. ಆದರೆ ಅವನು ಹಾಗೆ ಮಾಡಿದ್ದನ್ನು ನಾನು ಒಂದು ಕ್ಷಣವೂ ಅನುಮಾನಿಸಲಿಲ್ಲ.

ನಿಮ್ಮ ರೂಮ್‌ಮೇಟ್ ಹೇಳಿದ ಲಸಿಕೆ ವಿಷಯದಲ್ಲಿ ನಿಜ ಇದೆ. ಮನುಷ್ಯರಿಗೆ ಬರುವ ಫಂಗಸ್ ಕಾಯಿಲೆಗೆ ಅನುಮತಿ ಸಿಕ್ಕ ಲಸಿಕೆ ಇವತ್ತಿಗೂ ಒಂದೂ ಇಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಜನ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಪರದಾಡಿದ್ದು ನೆನಪಿರಬೇಕು, ಅದು ಕಾಯಿಲೆ ಬಂದ ಮೇಲೆ ಕೊಡುವ ಔಷಧಿ. ಇರುವೆಗಳಿಗೆ ತಗುಲಿ ಅವುಗಳ ನಡತೆಯನ್ನೇ ಬದಲಿಸುವ ಕಾರ್ಡಿಸೆಪ್ಸ್ ಜಾತಿಯ ಫಂಗಸ್ ನಿಜವಾಗಿ ಇದೆ, ಅದು ಮನುಷ್ಯರಿಗೆ ಹಾಗೆ ಹತ್ತುವುದು ಕಲ್ಪನೆ. ಆದರೆ ಇದರಿಂದ ಕಥೆಗೆ ಏನೂ ಆಗುವುದಿಲ್ಲ. ಆ ಲೋಕದಲ್ಲಿ ಲಸಿಕೆ ಆಗುತ್ತದೆ ಅಂತ ವೈದ್ಯರು ನಂಬಿದ್ದಾರೆ, ಮಾರ್ಲೀನ್ ನಂಬಿದ್ದಾಳೆ, ಜೋಯಲ್ ಕೂಡ ಅದನ್ನು ಪ್ರಶ್ನೆ ಮಾಡುವುದಿಲ್ಲ. ಲಸಿಕೆ ನೂರಕ್ಕೆ ನೂರು ಆಗುತ್ತದೆ ಅಂದಿದ್ದರೂ ಅವನು ಅದೇ ಮಾಡುತ್ತಿದ್ದ. "ಹೇಗೂ ಆಗ್ತಿರಲಿಲ್ಲ" ಅನ್ನುವ ವಾದ ಜೋಯಲ್‌ನ ಕೈಗೆ ಹತ್ತಿದ ರಕ್ತ ತೊಳೆಯಲು ನಾವು ಹುಡುಕಿಕೊಂಡ ಸೋಪು. ಅವನನ್ನು ಅಷ್ಟು ಇಷ್ಟಪಟ್ಟಿದ್ದೇವೆ, ಅದಕ್ಕೇ.

ಹೆಸರು ಹೇಳಿದ ವಿಷಯ ಬಹಳ ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಪಾರ್ಟ್ 2ರ ಆ ದೃಶ್ಯ ಮತ್ತೆ ನೋಡಿ. ಹಿಮಗಾಳಿ, ಹಿಂದೆ ಸೋಂಕಿತರ ದೊಡ್ಡ ಹಿಂಡು, ಆಗಷ್ಟೇ ಜೋಯಲ್ ಮತ್ತು ಟಾಮಿ ಸೇರಿ ಆಬಿಯ ಜೀವ ಉಳಿಸಿದ್ದಾರೆ. ಜೋಯಲ್ ಆಸ್ಪತ್ರೆಯಲ್ಲಿ ಕೊಂದ ಸರ್ಜನ್‌ನ ಮಗಳು ಅವಳು, ಸೇಡಿಗೆ ಬಂದವಳು, ಆಮೇಲೆ ಅವನನ್ನು ಕೊಲ್ಲುವವಳೂ ಅವಳೇ. ಹೆಸರು ಮೊದಲು ಹೇಳುವುದು ಟಾಮಿ, "ಇವನು ನನ್ನ ಅಣ್ಣ ಜೋಯಲ್" ಅಂತ. ಟಾಮಿ ಮೊದಲಿನಿಂದಲೂ ಜನರನ್ನು ನಂಬುವವನು. ಇಬ್ಬರೂ ಜ್ಯಾಕ್ಸನ್ ಊರಿನಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿದ್ದವರು, ಹೊರಗಿನವರನ್ನು ಸೇರಿಸಿಕೊಂಡೇ ಬೆಳೆದ ಊರು ಅದು. ಜೋಯಲ್ ಮೆತ್ತಗಾಗಿದ್ದಾನೆ. ಎಲೀ ಜೊತೆಗಿನ ಬದುಕು ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿತ್ತು, ಅದೇ ಅವನ ಜೀವ ತೆಗೆಯಿತು. ನನಗೆ ಆ ದೃಶ್ಯ ನೋಡಲು ಇವತ್ತಿಗೂ ಸಂಕಟ ಆಗುತ್ತದೆ. ಆದರೆ ಅದನ್ನು ಬರವಣಿಗೆಯ ತಪ್ಪು ಅನ್ನಲಾರೆ. ಹಾಗೆಯೇ, ಪಾರ್ಟ್ 2 ಫ್ಲಾಪ್ ಆಗಲಿಲ್ಲ. 2020ರ ಜೂನ್ 19ಕ್ಕೆ ಬಂದು ಮೂರೇ ದಿನದಲ್ಲಿ 40 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಜನ ಅದರ ಮೇಲೆ ಸಿಟ್ಟಾಗಿದ್ದು ನಿಜ, ಸಿಟ್ಟು ಬೇರೆ, ಫ್ಲಾಪ್ ಬೇರೆ.

ಹಾಗಂತ ಆ ಆಟಗಳಲ್ಲಿ ಬರೆದವರ ತಪ್ಪೇ ಇಲ್ಲ ಅನ್ನುವುದಿಲ್ಲ. ಲೋಕದಲ್ಲಿ ಸೋಂಕು ಹತ್ತದ ಒಬ್ಬಳೇ ಹುಡುಗಿ ಸಿಕ್ಕಿದ್ದಾಳೆ, ಅವಳನ್ನು ಎಚ್ಚರಿಸಿ ಒಂದು ಮಾತು ಕೇಳದೆ, ತಿಂಗಳುಗಟ್ಟಲೆ ರಕ್ತ ಪರೀಕ್ಷೆ ಮಾಡದೆ, ಬಂದ ದಿನವೇ ಮಿದುಳಿಗೆ ಕತ್ತರಿ ಹಾಕಲು ಹೊರಡುತ್ತಾರೆ. ಫೈರ್‌ಫ್ಲೈಸ್ ಗುಂಪು ಸೋತು ಸುಣ್ಣವಾಗಿತ್ತು, ಮಾರ್ಲೀನ್ ಅಲ್ಲಿಗೆ ತಲುಪುವಷ್ಟರಲ್ಲಿ ತನ್ನ ಜನರನ್ನು ಕಳೆದುಕೊಂಡಿದ್ದಳು, ಹತಾಶೆ ಇತ್ತು, ಒಪ್ಪುತ್ತೇನೆ. ಆದರೂ ಆ ಆತುರ ವೈದ್ಯರಿಗಿಂತ ಕಥೆಗಾರರಿಗೇ ಜಾಸ್ತಿ ಬೇಕಿತ್ತು. ಎರಡನೇ ಭಾಗದಲ್ಲಿ ಆಬಿ ಜೊತೆ ಥಿಯೇಟರ್ ಜಗಳವಾದ ಮೇಲೆ ಟಾಮಿ, ಎಲೀ, ಎಲೀಯ ಪ್ರೇಯಸಿ ಡೀನಾ ಅಷ್ಟು ಕೆಟ್ಟದಾಗಿ ಗಾಯಗೊಂಡು ಸಿಯಾಟಲ್‌ನಿಂದ ಸಾವಿರ ಕಿಲೋಮೀಟರಿನಷ್ಟು ದೂರ ಹೇಗೆ ವಾಪಸ್ ಬಂದರು ಅಂತ ಆಟ ತೋರಿಸುವುದೇ ಇಲ್ಲ. ಇವು ನಿಜವಾದ ತೂತುಗಳು. ವಿಚಿತ್ರ ಅಂದರೆ ಜನ ಬೈಯುವುದು ಇವನ್ನಲ್ಲ, ತಮಗೆ ನೋವಾದ ಜಾಗಗಳನ್ನು.

ತೂತು ಕಂಡಾಗ ಒಳ್ಳೆ ಟೀಮ್‌ಗಳು ಮುಚ್ಚುತ್ತವೆ. ಮೊದಲ ಆಟದ ಹಳೆಯ ಕರಡಿನಲ್ಲಿ ಜೋಯಲ್‌ನ ಜೊತೆಗಾರ್ತಿ ಟೆಸ್ ಅವನ ಮೇಲೆ ಸೇಡಿಟ್ಟುಕೊಂಡು ಇಡೀ ದೇಶ ಅಟ್ಟಿಸಿಕೊಂಡು ಹೋಗುವವಳಾಗಿದ್ದಳು. ಒಬ್ಬಳು ಅಷ್ಟು ದೂರ, ಅಷ್ಟು ದಿನ ಹಿಂದೆ ಬೀಳುತ್ತಾಳೆ ಅಂದರೆ ನಂಬಿಕೆ ಬರಲ್ಲ ಅಂತ ಬದಲಿಸಿದರು. ಪಾರ್ಟ್ 2ರ ಕರಡಿನಲ್ಲಿ ಎಲೀ ಕೊನೆಗೆ ಆಬಿಯನ್ನು ಕೊಲ್ಲುತ್ತಿದ್ದಳು, ಅದನ್ನೂ ಬದಲಿಸಿದರು. ಇದನ್ನೆಲ್ಲ ಬರೆದವರೇ ಹೇಳಿಕೊಂಡಿದ್ದಾರೆ. ಅಂದರೆ ನಿಮ್ಮ ರೂಮಿನಲ್ಲಿ ನಡೆದ ಜಗಳ ಅವರ ಆಫೀಸಿನಲ್ಲೂ ನಡೆದಿದೆ.

ಈಗ ಎರಡನೇ ಪ್ರಶ್ನೆ. ನನಗೆ ಇದೇ ಮುಖ್ಯ. ನಾಟಕದ ಕರ್ಣನನ್ನು ನಾವು ನೋಡುತ್ತೇವೆ. ಗೇಮ್‌ನಲ್ಲಿ ಕರ್ಣನ ಕೈ ನಮ್ಮ ಕೈ. ಆಸ್ಪತ್ರೆಯಲ್ಲಿ ಆ ಸರ್ಜನ್‌ನನ್ನು ಕೊಲ್ಲದೆ ಆಟ ಮುಂದೆ ಹೋಗುವುದೇ ಇಲ್ಲ, ಬಟನ್ ಒತ್ತಬೇಕಾದವರು ನಾವು. ಆಮೇಲೆ ಕೊನೆಯ ಪುಟ್ಟ ಭಾಗದಲ್ಲಿ ಕಂಟ್ರೋಲರ್ ಜೋಯಲ್‌ನ ಕೈ ಬಿಟ್ಟು ಎಲೀ ಕೈಗೆ ಹೋಗುತ್ತದೆ. ಸುಳ್ಳು ಹೇಳುವವನಾಗಿ ಅಲ್ಲ, ಸುಳ್ಳು ಕೇಳುವವಳಾಗಿ ನಾವು ಆ ಬೆಟ್ಟದ ದಾರಿ ನಡೆಯುತ್ತೇವೆ. ಯಾರ ಕೈ ಯಾವಾಗ ಅಂತ ಅವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ.

ಗಂಟೆಗಟ್ಟಲೆ ಬಟನ್ ಒತ್ತಿ ನಾವು ಮಾಡಿದ್ದು ಒಂದು, ಕಟ್‌ಸೀನ್‌ನಲ್ಲಿ, ಅಂದರೆ ನಾವು ಆಡದೆ ಬರೀ ನೋಡುವ ದೃಶ್ಯದಲ್ಲಿ, ಪಾತ್ರ ಮಾಡುವುದು ಇನ್ನೊಂದು ಆದಾಗ ಮನಸ್ಸು ಒಪ್ಪುವುದಿಲ್ಲ. ಇದಕ್ಕೆ ನಮ್ಮ ಕೆಲಸದಲ್ಲಿ ಲೂಡೊನರೇಟಿವ್ ಡಿಸೊನೆನ್ಸ್ ಅಂತಾರೆ. 2007ರಲ್ಲಿ ಬಯೋಶಾಕ್ ಗೇಮ್ ಬಗ್ಗೆ ಬರೆಯುತ್ತಾ ಕ್ಲಿಂಟ್ ಹಾಕಿಂಗ್ ಎಂಬ ಗೇಮ್ ಡಿಸೈನರ್ ಕೊಟ್ಟ ಹೆಸರು. ದಿ ಲಾಸ್ಟ್ ಆಫ್ ಅಸ್ ಮಾಡಿದ ನಾಟಿ ಡಾಗ್‌ನವರೇ 2016ರ ಅನ್‌ಚಾರ್ಟೆಡ್ 4ರಲ್ಲಿ 1,000 ಶತ್ರುಗಳನ್ನು ಮುಗಿಸಿದವರಿಗೆ ಸಿಗುವ ಟ್ರೋಫಿಗೆ ಇದೇ ಹೆಸರು ಇಟ್ಟರು. ಪಾರ್ಟ್ 2ರಲ್ಲಿ ಜೋಯಲ್‌ನ ಸಾವಿಗೆ ಸೇಡು ತೀರಿಸಲು ಹೊರಟ ಎಲೀ ಕೊನೆಗೆ ಆಬಿಯನ್ನು ಕೊಲ್ಲದೆ ಬಿಟ್ಟಾಗ ಬಹಳ ಜನರಿಗೆ ಚುಚ್ಚಿದ್ದು ಇದೇ. ದಾರಿಯುದ್ದಕ್ಕೂ ಅಷ್ಟು ಹೆಣ ಬೀಳಿಸಿದ ಮೇಲೆ ಈಗ ಕರುಣೆಯಾ? ಕಾರಣ ಇದೆ. ಜೋಯಲ್ ಸಾಯುವ ಹಿಂದಿನ ರಾತ್ರಿ ಎಲೀ ಅವನ ಜೊತೆ ಜಗಲಿಯಲ್ಲಿ ಆಡಿದ ಮಾತು, ಕ್ಷಮಿಸೋಕೆ ಆಗುತ್ತೋ ಇಲ್ವೋ, ಪ್ರಯತ್ನ ಪಡ್ತೀನಿ ಅಂದ ಮಾತು. ಆದರೆ ಜಗಳದ ಮಧ್ಯೆ ಒಂದು ಕ್ಷಣ ಜೋಯಲ್‌ನ ಮುಖ ಮಾತ್ರ ಮಿಂಚಿ ಹೋಗುತ್ತದೆ, ಪೂರ್ತಿ ದೃಶ್ಯ ಬರುವುದು ಎಲ್ಲ ಮುಗಿದ ಮೇಲೆ. ಕಾರಣವನ್ನು ನಿರ್ಧಾರದ ಹಿಂದೆ ಇಟ್ಟರು. ನನಗೆ ಅದು ತುಂಬಾ ಹಿಡಿಸಿತು, ಆದರೆ ಅಲ್ಲಿ ಅರ್ಧ ಜನ ಕಳೆದುಹೋಗುತ್ತಾರೆ ಅನ್ನುವುದೂ ನಿಜ. ಕಾಲೇಜಿನ ಡೆಮೊಗೆ ಆ ಧೈರ್ಯ ಬೇಡ.

ಇನ್ನೊಂದು ಕಾರಣ ಹೊರಗಿನವರಿಗೆ ಕಾಣುವುದಿಲ್ಲ. ಗೇಮ್‌ನಲ್ಲಿ ಕಥೆ ಮೊದಲು, ಮಿಕ್ಕಿದ್ದು ಆಮೇಲೆ ಅಂತ ಇರುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಅಣೆಕಟ್ಟಿನ ಮೇಲಿನ ಬಾಸ್ ಫೈಟ್, ಅಂದರೆ ದೊಡ್ಡ ವಿಲನ್ ಜೊತೆಗಿನ ಹೊಡೆದಾಟ, ಪೂರ್ತಿ ರೆಡಿಯಾಗಿತ್ತು. ನಾಯಕಿ ಅಲ್ಲಿಗೆ ಯಾಕೆ ಹೋಗುತ್ತಾಳೆ ಅಂತ ಒಂದು ಕಾರಣ ಬರೆದುಕೊಡಿ, ಎರಡು ಸಾಲು ಸಾಕು, ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ಅಂದರು. ಬರೆದೆ. ಆಡಿದವರೆಲ್ಲ ಸರಿಯಾಗಿ ಆ ಎರಡು ಸಾಲಿನಲ್ಲೇ ಎಡವಿದರು.

ನಿಮ್ಮ ಡೆಮೊಗೆ ಬರುತ್ತೇನೆ. ಮೊದಲ ದೃಶ್ಯ ನನಗೆ ತುಂಬಾ ಇಷ್ಟವಾಯಿತು. ಕತ್ತಲು, ಕಪ್ಪೆ ಸದ್ದು, ನಾಲೆ ಏರಿ ಮೇಲೆ ಅಪ್ಪ ಮಗ. ಅಪ್ಪನ ಕೈಯಲ್ಲಿ ಹಳೆ ಬ್ಯಾಟರಿ, ಗಾಜು ಬೀಳದ ಹಾಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದಾರೆ. ತೂಬು ಎತ್ತುವ ಮುಂಚೆ ಅವರು ಬಗ್ಗಿ, ಕೆಳಗಿನ ಕಾಲುವೆಗೆ ಬ್ಯಾಟರಿ ಬಿಟ್ಟು ನಿಧಾನವಾಗಿ ನೋಡುತ್ತಾರೆ. "ಒಳಗ್ ಯಾರೂ ಇಲ್ಲ ಅಂತ ನೋಡ್ದೆ ತೂಬು ಎತ್‌ಬ್ಯಾಡ ಕಣ್ಲಾ" ಅಂತಾರೆ. ಇದು ಯಾರದೋ ಅಪ್ಪ ನಿಜವಾಗಿ ಹೇಳಿದ ಮಾತಿನ ಹಾಗಿದೆ. ಅಪ್ಪ ಸತ್ತ ಮೇಲೆ ಸಿದ್ದ ಆ ಬ್ಯಾಟರಿ ಎತ್ತಿಕೊಳ್ಳುತ್ತಾನೆ. ಆಮೇಲೆ?

ಆಮೇಲೆ ಬ್ಯಾಟರಿ ಕಾಣೆ. ಮೂವತ್ತು ನಿಮಿಷ ಸಿದ್ದ ಕೈಯಲ್ಲಿ ಮಚ್ಚು ಹಿಡಿದು ಹೊಡೆಯುತ್ತಾನೆ. ದಾರಿಯಲ್ಲಿ ನಾಲ್ಕು ತೂಬು ಬರುತ್ತವೆ, ನಾಲ್ಕನ್ನೂ ಸುಮ್ನೆ ಒಂದು ಬಟನ್ ಒತ್ತಿ ಎತ್ತುತ್ತಾನೆ, ಕೆಳಗೆ ನೋಡುವುದೇ ಇಲ್ಲ. ಐದನೇ ತೂಬಿನ ಕೆಳಗೆ ಬೋರಣ್ಣನ ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಚಕ್ರ ನಮ್ಮ ಕೈಯಲ್ಲಿದೆ, ಬಟನ್ ಹಿಡಿದು ತಿರುಗಿಸುತ್ತಿದ್ದೇವೆ, ನೀರಿನ ಸದ್ದು ಜೋರಾಗುತ್ತಿದೆ. ಇದ್ದಕ್ಕಿದ್ದಂತೆ ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂದು ಕಟ್‌ಸೀನ್ ಶುರು. ಸಿದ್ದ ಚಕ್ರ ಬಿಡುತ್ತಾನೆ, "ಹೋಗು" ಅಂತಾನೆ. ಮುಗಿಯಿತು. ನನ್ನ ಬೆರಳು ಇನ್ನೂ ಬಟನ್ ಮೇಲೇ ಇತ್ತು! ನಿಮ್ಮ ಕ್ಲಾಸ್‌ಮೇಟ್ಸ್‌ಗೆ ಸಿಟ್ಟು ಬಂದದ್ದು ಇಲ್ಲಿ. ಅವರು ಅದಕ್ಕೆ ಲಾಜಿಕ್ ಅಂತ ಹೆಸರಿಟ್ಟರು. ಆಡುವವರು ಎಲ್ಲಿ ನೋಯಿತು ಅಂತ ಸರಿಯಾಗಿ ಹೇಳುತ್ತಾರೆ, ಯಾಕೆ ನೋಯಿತು ಅಂತ ಹೇಳುವುದು ಅವರ ಕೆಲಸವಲ್ಲ.

ಏನು ಮಾಡಬಹುದು? ರೂಮ್‌ಮೇಟ್ ಹೇಳಿದ ಹಾಗೆ ಬೋರಣ್ಣನನ್ನು ಸಾಯಿಸಬಹುದು. ಒಂದು ದಿನದ ಕೆಲಸ, ಯಾರೂ ತಕರಾರು ಮಾಡುವುದಿಲ್ಲ. ಆದರೆ ನಿಮ್ಮ ಮೊದಲ ದೃಶ್ಯ ದಂಡವಾಗುತ್ತದೆ. ಡೆಮೊ ನೋಡಿದವರಿಗೆ ಮಾರನೇ ದಿನ ನೆನಪಿರುವುದು ಮಚ್ಚು ಮಾತ್ರ.

ಸಾಯಿಸುವುದಾ ಬಿಡುವುದಾ ಅಂತ ಆಡುವವರನ್ನೇ ಕೇಳಬಹುದು. ಜಿಟಿಎ 5 ಗೇಮ್‌ನಲ್ಲಿ ಹಾಗೆ ಮೂರು ಕೊನೆ ಇಟ್ಟರು, ನಾಯಕರಲ್ಲಿ ಟ್ರೆವರ್‌ನ ಸಾವು, ಮೈಕಲ್‌ನ ಸಾವು ಅಥವಾ ಇಬ್ಬರನ್ನೂ ಉಳಿಸುವುದು. ಇಬ್ಬರನ್ನೂ ಉಳಿಸುವ ದಾರಿ ಇದ್ದ ಮೇಲೆ ಬಹಳ ಜನ ಅದನ್ನೇ ಹಿಡಿಯುತ್ತಾರೆ, ಉಳಿದ ಎರಡನ್ನು ಆಮೇಲೆ ಕುತೂಹಲಕ್ಕೆ ನೋಡುತ್ತಾರೆ. ನಿಮಗೆ ಇದರಿಂದ ಕೆಲಸ ಎರಡರಷ್ಟು. ಅದಕ್ಕಿಂತ ದೊಡ್ಡ ಅಪಾಯ, ಸಿದ್ದ ಯಾರು ಅಂತ ಹೇಳುವ ಜವಾಬ್ದಾರಿಯಿಂದ ನೀವು ತಪ್ಪಿಸಿಕೊಂಡ ಹಾಗಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೂರನೇ ದಾರಿ ಹಿಡಿಯುತ್ತಿದ್ದೆ. ಬ್ಯಾಟರಿಯನ್ನು ಆಟದೊಳಗೆ ತನ್ನಿ. ನಾಲ್ಕೂ ತೂಬಿನ ಹತ್ತಿರ ಮೊದಲು ಬ್ಯಾಟರಿ ಬಿಟ್ಟು ನೋಡಿದರೆ ಮಾತ್ರ ಚಕ್ರ ತಿರುಗಲಿ. ಮೊದಲನೆಯದರಲ್ಲಿ ಬರೀ ನೀರು. ಎರಡನೆಯದರಲ್ಲಿ ಒಂದು ಕರು ಸಿಕ್ಕಿಕೊಂಡಿರಲಿ, ಬಿಡಿಸಿ ಮೇಲೆತ್ತಬೇಕು. ಮೂರನೆಯದರಲ್ಲಿ ಮತ್ತೆ ಏನೂ ಇಲ್ಲ. ನಾಲ್ಕನೆಯದರಲ್ಲಿ ಬೋರಣ್ಣನ ಕಡೆಯ ಹುಡುಗನೊಬ್ಬ, ಹದಿನೆಂಟು ಹತ್ತೊಂಬತ್ತರವನು, ಅವನನ್ನೂ ಎಳೆದು ಹಾಕಬೇಕು. ಇಷ್ಟು ಮಾಡಿದರೆ ಐದನೇ ತೂಬಿನ ಹತ್ತಿರ ಯಾರೂ ಹೇಳಿಕೊಡಬೇಕಾಗಿಲ್ಲ, ಆಡುವವರ ಬೆರಳು ತಾನಾಗಿಯೇ ಬ್ಯಾಟರಿ ಬಟನ್‌ಗೆ ಹೋಗುತ್ತದೆ. ಬೆಳಕು ಬೋರಣ್ಣನ ಮುಖದ ಮೇಲೆ ಬೀಳುತ್ತದೆ. ಆಗ ಕಟ್‌ಸೀನ್ ಬೇಡ. 2004ರ ಮೆಟಲ್ ಗಿಯರ್ ಸಾಲಿಡ್ 3 ಗೇಮ್‌ನ ಕೊನೆಯಲ್ಲಿ, ತನಗೆ ಎಲ್ಲ ಕಲಿಸಿದ ಗುರುವಿಗೆ ಗುರಿಯಿಟ್ಟು ನಾಯಕ ನಿಂತಿರುತ್ತಾನೆ, ಟ್ರಿಗರ್ ಎಳೆಯಲಿ ಅಂತ ಆಟ ನಮಗೆ ಕಾಯುತ್ತದೆ. ನೀವೂ ಕಾಯಿರಿ. ಚಕ್ರ ಅಲ್ಲೇ ಇರಲಿ, ಕೆಳಗಿನ ಕೈಯೂ ಕಾಣಲಿ. ಕೈ ಹಿಡಿದು ಎಳೆಯುವುದು ಆಡುವವರೇ ಆಗಿರಲಿ.

ಇದರಲ್ಲೂ ಅಪಾಯ ಇದೆ. ಆಟದ ಓಟ ನಿಧಾನವಾಗುತ್ತದೆ, ಬರೀ ಫೈಟ್ ಬೇಕಾದವರಿಗೆ ಬೇಜಾರಾಗುತ್ತದೆ, ಹಾಗಾಗಿ ಪ್ರತಿ ತೂಬಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಕೆಲವರು ಚಕ್ರ ತಿರುಗಿಸಿಯೇ ತಿರುಗಿಸುತ್ತಾರೆ, ಅವರಿಗೆ ಏನು ತೋರಿಸುತ್ತೀರಿ ಅಂತ ಈಗಲೇ ತೀರ್ಮಾನ ಮಾಡಿ. ತಿರುಗಲು ಬಿಡಿ ಅಂತ ನನ್ನ ಸಲಹೆ. ಮಾತು ಬೇಡ, ಸಂಗೀತ ಬೇಡ, ನೀರು ಹರಿಯಲಿ, ಬ್ಯಾಟರಿ ಆರಲಿ, ಸಾಕು. ಇನ್ನು ಮಚ್ಚು. ಕುತ್ತಿಗೆ ಕಡಿದು ಬಂದವನು ಕೈ ಚಾಚಿದರೆ ಯಾರೂ ನಂಬುವುದಿಲ್ಲ. ನೀರುಗಂಟಿಯ ಮಗನ ಕೈಯಲ್ಲಿ ಸನಿಕೆ ಇರುತ್ತದೆ, ದೊಣ್ಣೆ ಇರುತ್ತದೆ. ಬಿದ್ದವರು ನರಳಲಿ, ತೆವಳಿಕೊಂಡು ಓಡಲಿ. ಅನಿಮೇಷನ್ ಬದಲಿಸುವುದು ಸುಲಭವಲ್ಲ, ಗೊತ್ತು. ಆದರೂ ಇರುವ ಸಮಯದಲ್ಲಿ ಒಂದೇ ಕೆಲಸ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ.

ನಿಮ್ಮ ರೂಮ್‌ಮೇಟ್ ಹತ್ತಿರ ಮಾತು ಶುರು ಮಾಡುವಾಗ ಎಲೀ, ಜೋಯಲ್ ಬಿಟ್ಟುಬಿಡಿ. ಬ್ಯಾಟರಿ ಬೆಳಕು ನೀರಿನ ಮೇಲೆ ಬಿದ್ದಾಗ ಹೇಗೆ ಕಾಣಬೇಕು ಅಂತ ಕೇಳಿ. ಮೊದಲ ದೃಶ್ಯದಲ್ಲಿ ನೀರಿನ ಮೇಲೆ ಆ ಹಳದಿ ಬೆಳಕು ನಡುಗುವ ಹಾಗೆ ಮಾಡಿರುವುದು ಅವನೇ ತಾನೇ? ಅದಕ್ಕೆ ಅವನು ಎಷ್ಟು ರಾತ್ರಿ ಕೂತಿರಬೇಕು ಅಂತ ನನಗೆ ಅಂದಾಜಿದೆ. ಐದನೇ ತೂಬಿನಲ್ಲೂ ಅದೇ ಬೆಳಕು ಬೇಕು, ಹೊಸದು ಬೇಡ ಅಂತ ಅವನಿಗೆ ಹೇಳಿ. ಆ ಭಾಗ ಸಿದ್ಧವಾದಾಗ ಮತ್ತೆ ಕಳಿಸಿ, ಆಡುತ್ತೇನೆ.